ಕಾನ್ವೆಂಟು, ಕೂಲಿ ಲೈನು ಮತ್ತು ಸ್ಮೃತಿ: ಕೋಲಾರ ಚಿನ್ನದ ಗಣಿ ಪ್ರದೇಶದ ಕನ್ಯಾಸ್ತ್ರೀ ಶಾಲೆಗಳನ್ನು ಸಂಗ್ರಹಾಲಯವಾಗಿ ಓದುವ ಬಗೆ

೧. ಪ್ರವೇಶ

ಕರ್ನಾಟಕದಲ್ಲಿ ವಸ್ತುಸಂಗ್ರಹಾಲಯ ಎಂದೊಡನೆ ನೆನಪಿಗೆ ಬರುವುದು ಶಿಲ್ಪ, ಶಾಸನ, ನಾಣ್ಯ, ಅರಮನೆಯ ಆಯುಧ, ಇಲ್ಲವೆ ಜನಪದರ ಕಸುಬಿನ ಸಾಧನಗಳು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವು ೧೯೬೮ರಲ್ಲಿ, ರಾಮನಗರದ ಬಳಿಯ ಜಾನಪದ ಲೋಕವು ೧೯೯೪ರಲ್ಲಿ ರೂಪುಗೊಂಡವು. ಇವುಗಳಿಂದಾಗಿ ನೇಗಿಲು, ಬೀಸುವ ಕಲ್ಲು, ತೊಗಲುಗೊಂಬೆಗಳು ಸಹ ಚರಿತ್ರೆಯ ಆಕರಗಳೆಂಬ ಮನ್ನಣೆ ದೃಢವಾಯಿತು. ಶಾಲೆಯೊಂದರ ಸ್ಲೇಟು, ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ, ಶುಲ್ಕದ ರಸೀದಿಗಳಿಗೆ ಅಂಥ ಮನ್ನಣೆ ದೊರೆತದ್ದು ಕಡಿಮೆ. ಶಾಲೆಯ ಚರಿತ್ರೆಯೆಂದರೆ ಶತಮಾನೋತ್ಸವದ ಸ್ಮರಣ ಸಂಚಿಕೆ ಎಂಬ ಗ್ರಹಿಕೆಯೇ ಬಲವಾಗಿದೆ. ಸ್ಮರಣ ಸಂಚಿಕೆಯ ಉದ್ದೇಶ ಕೃತಜ್ಞತೆ. ಚರಿತ್ರೆಯ ಉದ್ದೇಶ ಅದಕ್ಕಿಂತ ಭಿನ್ನವಾದುದು.

ಕೋಲಾರ ಚಿನ್ನದ ಗಣಿ ಪ್ರದೇಶದ ಕನ್ಯಾಸ್ತ್ರೀ ಶಾಲೆಗಳ ವಿಷಯದಲ್ಲಿ ಈ ವ್ಯತ್ಯಾಸ ವಿಶೇಷವಾಗಿ ಮುಖ್ಯವಾಗುತ್ತದೆ. ಕ್ಯಾಥೊಲಿಕ್ ಸಿಸ್ಟರುಗಳ ಶೈಕ್ಷಣಿಕ ಸೇವೆಯನ್ನು ಕುರಿತು ಮಾತನಾಡುವಾಗ ‘ಬಡ ಮಕ್ಕಳಿಗೆ ವಿದ್ಯೆ ಕಲಿಸಿದವರು’ ಎಂಬ ವಾಕ್ಯ ಬಹು ಸುಲಭವಾಗಿ ಬಳಕೆಯಾಗುತ್ತದೆ. ಆ ವಾಕ್ಯ ಸುಳ್ಳಲ್ಲ. ಆದರೆ ಅದರಲ್ಲಿ ಕಾಲಸೂಚಕವಿಲ್ಲ. ಯಾವ ವರ್ಷದಲ್ಲಿ, ಯಾವ ಮಕ್ಕಳಿಗೆ, ಯಾವ ಭಾಷೆಯಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿದೊಡನೆ ಗಣಿ ಪ್ರದೇಶದ ಚರಿತ್ರೆ ಬೇರೆಯಾಗಿಯೇ ಕಾಣತೊಡಗುತ್ತದೆ. ಈ ಶಾಲೆಗಳ ಸ್ಮೃತಿಯನ್ನು ಸಂಗ್ರಹಾಲಯವಾಗಿ ರೂಪಿಸುವುದಾದರೆ ಅದು ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವಂತಿರಬೇಕು ಎಂಬುದನ್ನು ಪ್ರತಿಪಾದಿಸುವುದು, ಆ ಕೆಲಸದಲ್ಲಿ ಕನ್ನಡ ಸಂಶೋಧನೆಯ ಹೊಣೆ ಯಾವುದೆಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಗಣಿ, ರೈಲು ಮತ್ತು ಊರಿನ ಹೆಸರು

ಮೈಸೂರು ಸಂಸ್ಥಾನದ ಗಡಿಯ ಮೋಜಣಿಯಲ್ಲಿ ತೊಡಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ ೧೮೦೨ರಲ್ಲಿ ಮಾರಿಕುಪ್ಪಂ, ಉರಿಗಾಂ ಸುತ್ತಣ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವ ರೀತಿಯನ್ನು ಗಮನಿಸಿದನು. ೧೮೭೦ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಐರಿಷ್ ಸೈನಿಕ ಲ್ಯಾವೆಲ್ ಗಣಿಗಾರಿಕೆಯ ಪರವಾನಗಿ ಪಡೆದನು. ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಪ್ರವೇಶವಾಯಿತು. ಅನಂತರ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಎಂಬ ಹೆಸರಿನ ಗಣಿಗಳು ಒಂದರ ಪಕ್ಕದಲ್ಲೊಂದು ಬೆಳೆದವು. ಶಿವನಸಮುದ್ರದ ಜಲವಿದ್ಯುತ್ತು ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರ್ ದೂರ ಸಾಗಿ ಮೊದಲು ತಲುಪಿದ್ದು ಈ ಗಣಿಗಳನ್ನು.

ಗಣಿಗೆ ಬಾಗಿಲಾದದ್ದು ಬಂಗಾರಪೇಟೆ. ಬೆಂಗಳೂರು–ಜೋಲಾರಪೇಟೆ ರೈಲುಮಾರ್ಗ ೧೮೬೪ರಲ್ಲಿ ತೆರೆಯಿತು. ಅಲ್ಲಿಂದ ಮಾರಿಕುಪ್ಪಂವರೆಗಿನ ಕವಲುಮಾರ್ಗ ೧೮೯೪ರಲ್ಲಿ ಸಿದ್ಧವಾಯಿತು. ಆ ನಿಲ್ದಾಣದ ಊರಿಗೆ ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್‌ನ ಹೆಸರಿತ್ತು. ಬೌರಿಂಗ್‌ಪೇಟೆ ಬಂಗಾರಪೇಟೆಯಾದುದು ಅರ್ಥಪೂರ್ಣ ಪಲ್ಲಟ. ಅಧಿಕಾರಿಯ ಹೆಸರಿದ್ದ ಕಡೆ ಲೋಹದ ಹೆಸರು ಬಂದು ಕುಳಿತಿತು. ಇಂಗ್ಲಿಷ್ ಪದವೊಂದು ಕನ್ನಡದ ಬಾಯಲ್ಲಿ ಹೊಸ ಅರ್ಥ ಪಡೆಯುವ ಈ ಬಗೆಯನ್ನು ‘ಕಾನ್ವೆಂಟು’ ಎಂಬ ಪದದಲ್ಲಿಯೂ ಮುಂದೆ ಕಾಣಬಹುದಾಗಿದೆ.

ಗಣಿಯ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳ ತಮಿಳು ಮತ್ತು ತೆಲುಗು ಮಾತಾಡುವವರು. ಅವರಲ್ಲಿಯೂ ಹೆಚ್ಚಿನವರು ಅಸ್ಪೃಶ್ಯತೆಗೆ ಗುರಿಯಾದ ಜಾತಿಗಳವರು. ೧೮೭೬–೭೮ರ ಮಹಾಕ್ಷಾಮದ ನೆನಪು ಮಾಸದಿದ್ದ ಕಾಲದಲ್ಲಿ ನೆಲದಾಳದ ಕೂಲಿಯೂ ಅನ್ನದ ದಾರಿಯಾಗಿತ್ತು. ಕಾರ್ಮಿಕರು ತಟ್ಟಿಯ ಗುಡಿಸಲುಗಳ ಸಾಲಿನಲ್ಲಿ, ಅಂದರೆ ‘ಲೈನು’ಗಳಲ್ಲಿ ನೆಲೆಸಿದರು. ಕಂಪನಿಯ ಯುರೋಪಿಯನ್ ಅಧಿಕಾರಿಗಳಿಗೆ ತೋಟವುಳ್ಳ ಬಂಗಲೆಗಳು, ಕ್ಲಬ್ಬು, ಚರ್ಚುಗಳಿದ್ದವು. ಈ ಭಾಗಕ್ಕೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬಂದದ್ದು ಈ ಕಾರಣದಿಂದಲೇ. ಇವೆರಡರ ನಡುವೆ ಆಂಗ್ಲೋ ಇಂಡಿಯನ್ ಮೇಲ್ವಿಚಾರಕರು, ಗುಮಾಸ್ತರು ಮತ್ತು ಪೇಟೆಯ ವ್ಯಾಪಾರಿಗಳ ಪದರವಿತ್ತು. ಸುತ್ತಣ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಬೆರೆತಿದ್ದವು. ಗಣಿ ಪ್ರದೇಶದ ಶಾಲೆಯ ಪ್ರಶ್ನೆಯನ್ನು ಬಂಗಲೆ, ಪೇಟೆ, ಲೈನು ಎಂಬ ಈ ಮೂರು ನೆಲೆಗಳಿಂದ ಬೇರ್ಪಡಿಸಿ ನೋಡಲಾಗದು.

೩. ಇಪ್ಪತ್ತೆರಡು ಹುಡುಗಿಯರಿಂದ ಆರಂಭ

ಕಂಪನಿಯು ತನ್ನ ಬ್ರಿಟಿಷ್ ಮತ್ತು ಯುರೋಪಿಯನ್ ಅಧಿಕಾರಿಗಳ ಮಕ್ಕಳಿಗಾಗಿ ೧೯೦೧ರಲ್ಲಿ ನಂದಿದುರ್ಗ ಗಣಿಯಲ್ಲಿ ಪ್ರಾಥಮಿಕ ಶಾಲೆಯೊಂದನ್ನು ಸ್ಥಾಪಿಸಿತು. ಮುಂದೆ ಪ್ರೌಢಶಾಲೆಯ ಮಟ್ಟಕ್ಕೆ ಬೆಳೆದ ಈ ಶಾಲೆಯ ವಿದ್ಯಾರ್ಥಿಗಳು ಸೀನಿಯರ್ ಕೇಂಬ್ರಿಜ್ ಪರೀಕ್ಷೆಗೆ ಕೂರುತ್ತಿದ್ದರು. ತಾರ್ಬ್‌ನ ಸಂತ ಜೋಸೆಫರ ಸಭೆಗೆ ಸೇರಿದ ಕನ್ಯಾಸ್ತ್ರೀಯರು ೧೯೦೪ರ ಜನವರಿ ೧೫ರಂದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ ಇಂಗ್ಲಿಷ್ ಮಾಧ್ಯಮದ ಶಾಲೆಯನ್ನು ಆರಂಭಿಸಿದರು. ಮೊದಲ ದಿನ ಸೇರಿದವರು ೨೨ ಮಂದಿ ಹುಡುಗಿಯರು. ಹುಡುಗರಿಗಾಗಿ ಸಂತ ಮೇರಿ ಶಾಲೆ ಅದರ ವಿಸ್ತರಣೆಯಾಗಿ ಹುಟ್ಟಿ, ಕೆಲವು ವರ್ಷಗಳ ಅನಂತರ ಆಂಡರ್ಸನ್‌ಪೇಟೆಗೆ ಸ್ಥಳಾಂತರಗೊಂಡಿತು. ೧೯೩೩ರಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಸಂತ ತೆರೇಸಾ ಶಾಲೆಯೂ, ಅದಾದ ಸುಮಾರು ಹತ್ತು ವರ್ಷಗಳಿಗೆ ಕೋರಮಂಡಲ್‌ನಲ್ಲಿ ಸಂತ ಸೆಬಾಸ್ಟಿಯನ್ ಶಾಲೆಯೂ ಆರಂಭವಾದವು. ಇವೆರಡೂ ಇಂಗ್ಲಿಷ್ ಮಾಧ್ಯಮದವೇ.

ಈ ಕನ್ಯಾಸ್ತ್ರೀ ಸಭೆಯ ಮೂಲವನ್ನು ಗಮನಿಸುವುದು ಅಗತ್ಯ. ೧೮೪೩ರಲ್ಲಿ ದಕ್ಷಿಣ ಫ್ರಾನ್ಸಿನ ಪಿರನೀಸ್ ಬೆಟ್ಟಗಳ ತಪ್ಪಲಿನ ಕಾಂತಾವು ಎಂಬ ಹಳ್ಳಿಯಲ್ಲಿ ಹುಟ್ಟಿದ ಸಭೆಯಿದು. ಹಳ್ಳಿಯಲ್ಲಿ ಹುಟ್ಟಿದ ಸಭೆಯೊಂದು ಗಣಿ ಪ್ರದೇಶಕ್ಕೆ ಬಂದಾಗ ಮೊದಲು ತೆರೆದುಕೊಂಡದ್ದು ಬಂಗಲೆಯ ಮತ್ತು ಮೇಲ್ವಿಚಾರಕರ ಮನೆಗಳ ಮಕ್ಕಳಿಗೆ. ಇದನ್ನು ಕೇವಲ ಧ್ಯೇಯಚ್ಯುತಿಯೆಂದು ಕರೆಯುವುದು ಅವಸರದ ತೀರ್ಮಾನವಾದೀತು. ವಸಾಹತು ಕಾಲದ ಭಾರತದಲ್ಲಿ ಯುರೋಪಿಯನ್ ಶಾಲೆಗಳು ಪ್ರತ್ಯೇಕ ವರ್ಗವಾಗಿದ್ದವು. ಅವುಗಳ ಪಠ್ಯ, ಪರೀಕ್ಷೆ, ತಪಾಸಣೆಗಳು ದೇಶಭಾಷೆಯ ಶಾಲೆಗಳಿಗಿಂತ ಬೇರೆಯಾಗಿದ್ದವು. ಶುಲ್ಕ ಕೊಡಬಲ್ಲವರ ಶಾಲೆಯ ಆದಾಯದಿಂದ ಅನಾಥಾಲಯ, ಆಸ್ಪತ್ರೆ ಮತ್ತು ಬಡವರ ಶಾಲೆಗಳನ್ನು ನಡೆಸುವುದು ಅನೇಕ ಕನ್ಯಾಸ್ತ್ರೀ ಸಭೆಗಳ ಸಾಮಾನ್ಯ ಕ್ರಮವಾಗಿತ್ತು. ಒಂದೇ ಆವರಣದಲ್ಲಿ ಎರಡು ಬಗೆಯ ಮಕ್ಕಳಿಗೆ ಎರಡು ಬಾಗಿಲುಗಳಿರುವ ವ್ಯವಸ್ಥೆ ಆ ಕಾಲದ ಮಿಷನ್ ಶಿಕ್ಷಣದಲ್ಲಿ ಅಪರೂಪವಾಗಿರಲಿಲ್ಲ.

ಆದ್ದರಿಂದ ೧೯೦೪, ೧೯೩೩ ಮತ್ತು ೧೯೪೦ರ ದಶಕದ ಆರಂಭ ಎಂಬ ಈ ಮೂರು ಘಟ್ಟಗಳನ್ನು ಸಂಸ್ಥೆಯೊಂದರ ಬೆಳವಣಿಗೆಯ ಮೈಲಿಗಲ್ಲುಗಳೆಂದಷ್ಟೇ ನೋಡಿದರೆ ಸಾಲದು. ಅವು ಸ್ಥಳದ ಚಲನೆಯನ್ನೂ ಸೂಚಿಸುತ್ತವೆ. ಯುರೋಪಿಯನ್ ವಸತಿಯ ಶಾಲೆಯಿಂದ ಮಾರುಕಟ್ಟೆಯ ಊರಾದ ರಾಬರ್ಟ್‌ಸನ್‌ಪೇಟೆಗೆ, ಅಲ್ಲಿಂದ ಗಣಿಯ ವಸತಿಯಾದ ಕೋರಮಂಡಲ್‌ಗೆ ಶಾಲೆಯ ಬಾಗಿಲು ಸರಿಯುತ್ತ ಬಂದಿದೆ. ಸ್ವಾತಂತ್ರ್ಯಾನಂತರ ಯುರೋಪಿಯನ್ ಕುಟುಂಬಗಳು ಮರಳಿದವು. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಅನೇಕವು ವಲಸೆ ಹೋದವು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ, ೧೯೬೨ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾಯಿತು. ಈ ಅವಧಿಯಲ್ಲಿ ಕಾನ್ವೆಂಟಿನ ಬೆಂಚುಗಳಲ್ಲಿ ಕಾರ್ಮಿಕರ ಮಕ್ಕಳು ಕುಳಿತರು. ಅಂದರೆ ಬಡ ಮಕ್ಕಳು ಈ ಚರಿತ್ರೆಯ ಆರಂಭಬಿಂದುವಲ್ಲ. ಅವರು ತಲುಪಿದ ನೆಲೆ. ಆ ದಾರಿಯನ್ನು ಸಿಸ್ಟರುಗಳು ತೆರೆದರೆಂಬುದು ಎಷ್ಟು ನಿಜವೋ, ಕಾರ್ಮಿಕರು ನಡೆದು ಬಂದರೆಂಬುದೂ ಅಷ್ಟೇ ನಿಜ.

೪. ಮಠ, ಕೂಲಿಮಠ, ಕಾನ್ವೆಂಟು

ಕನ್ನಡದ ಪದಚರಿತ್ರೆ ಇಲ್ಲಿ ಉಪಯುಕ್ತ ಒಳನೋಟವನ್ನು ಒದಗಿಸುತ್ತದೆ. ಸರ್ಕಾರಿ ಶಾಲೆಗಳು ಹರಡುವ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದ ತಾಣಗಳಿಗೆ ಐಗಳ ಮಠ, ಕೂಲಿಮಠ ಎಂಬ ಹೆಸರುಗಳಿದ್ದವು. ಕಲಿಸುವ ಐಗಳಿಗೆ ಮಕ್ಕಳ ಮನೆಯವರು ಕಾಳು, ಕಾಸು, ಉರುವಲಿನ ರೂಪದಲ್ಲಿ ಕೊಡುತ್ತಿದ್ದ ಪ್ರತಿಫಲವೇ ಆ ‘ಕೂಲಿ’. ಸನ್ಯಾಸಿಗಳ ವಾಸಸ್ಥಾನ ಎಂಬ ಅರ್ಥದ ಮಠ ಹೀಗೆ ಶಾಲೆಯ ಅರ್ಥಕ್ಕೆ ಹಿಗ್ಗಿತ್ತು. ಕನ್ಯಾಸ್ತ್ರೀಯರ ವಾಸಸ್ಥಾನ ಎಂಬ ಅರ್ಥದ ಕಾನ್ವೆಂಟು ಅವರು ನಡೆಸುವ ಶಾಲೆ ಎಂಬ ಅರ್ಥಕ್ಕೆ ಹಿಗ್ಗಿದ್ದು ಇದೇ ದಾರಿಯಲ್ಲಿ. ಗಣಿ ಪ್ರದೇಶದ ತಮಿಳಿನಲ್ಲಿಯೂ ಕಾನ್ವೆಂಟಿಗೆ ‘ಕನ್ನಿಯರ್ ಮಡಂ’ ಎಂಬ ಹೆಸರುಂಟು. ಸನ್ಯಾಸ ಮತ್ತು ಅಕ್ಷರಗಳ ಸಂಬಂಧವನ್ನು ಎರಡೂ ಭಾಷೆಗಳು ಒಂದೇ ಪದದಲ್ಲಿ ಕಾಪಾಡಿಕೊಂಡಿವೆ.

ಮುಂದಿನ ಘಟ್ಟದಲ್ಲಿ ದಾರಿಗಳು ಬೇರೆಯಾಗುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡದ ಬಳಕೆಯಲ್ಲಿ ‘ಕಾನ್ವೆಂಟು’ ಎಂದರೆ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ ಎಂದಷ್ಟೇ ಆಯಿತು. ಕನ್ಯಾಸ್ತ್ರೀಯರ ನೆರಳೂ ಇಲ್ಲದ ಶಾಲೆಗಳ ಫಲಕಗಳಲ್ಲಿ ಆ ಪದ ಕಾಣಿಸಿಕೊಂಡಿತು. ಸನ್ಯಾಸ ಕಳಚಿತು, ಸೇವೆ ಕಳಚಿತು, ಮಾಧ್ಯಮ ಮಾತ್ರ ಉಳಿಯಿತು. ‘ಕಾನ್ವೆಂಟಿನಲ್ಲಿ ಓದಿದವರು’ ಎಂಬ ಮಾತು ವರ್ಗಸೂಚಕವಾಯಿತು. ಗೋಕಾಕ್ ವರದಿ ಮತ್ತು ೧೯೮೨ರ ಚಳವಳಿಯ ಕಾಲದಿಂದ ೨೦೧೪ರ ಮೇ ತಿಂಗಳಲ್ಲಿ ಬಂದ ಸುಪ್ರೀಂ ಕೋರ್ಟಿನ ಮಾಧ್ಯಮ ಕುರಿತ ತೀರ್ಪಿನವರೆಗೆ ಕನ್ನಡದ ಭಾಷಾ ಸಂಕಥನದಲ್ಲಿ ಈ ಪದ ಮುಖ್ಯವಾಗಿ ಪ್ರತಿಪಕ್ಷದ ಹೆಸರಾಗಿಯೇ ಬಂದಿದೆ.

ಈ ಅರ್ಥಸಂಕೋಚದ ಪರಿಣಾಮವಾಗಿ ಗಣಿ ಪ್ರದೇಶದ ಅನುಭವ ಕಣ್ಮರೆಯಾಗುವ ಸಂಭವವಿದೆ. ನೆಲದಾಳದಲ್ಲಿ ದುಡಿದ ದಲಿತ ಕಾರ್ಮಿಕನಿಗೆ ಇಂಗ್ಲಿಷ್ ಎಂಬುದು ಮೇಲ್ವಿಚಾರಕನ ಭಾಷೆ, ಆಸ್ಪತ್ರೆಯ ಭಾಷೆ, ನೋಟೀಸಿನ ಭಾಷೆ. ಮಗಳನ್ನು ಕಾನ್ವೆಂಟಿಗೆ ಸೇರಿಸುವುದು ಅವನ ಪಾಲಿಗೆ ಅಂತಸ್ತಿನ ಪ್ರದರ್ಶನವಾಗಿರದೆ ಲೈನಿನಿಂದ ಹೊರಬರುವ ದಾರಿಯಾಗಿತ್ತು. ಬೆಂಗಳೂರಿನ ಮಧ್ಯಮವರ್ಗದ ಕಾನ್ವೆಂಟನ್ನೂ ಗಣಿಯ ಕಾನ್ವೆಂಟನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅದೇ ವೇಳೆ ಈ ದಾರಿಯಲ್ಲಿ ಮನೆಮಾತಾದ ತಮಿಳು, ನೆಲದ ಭಾಷೆಯಾದ ಕನ್ನಡ ಎರಡೂ ತರಗತಿಯ ಹೊಸ್ತಿಲಲ್ಲಿ ನಿಂತವು ಎಂಬುದನ್ನೂ ಮರೆಯುವಂತಿಲ್ಲ.

೫. ಪೆನೋಲಾದ ನಿದರ್ಶನ

ಬಡ ಮಕ್ಕಳಿಗೆ ಕಲಿಸಿದ ಸಿಸ್ಟರುಗಳನ್ನು ಕುರಿತು ಸಣ್ಣ ಊರೊಂದು ಸಂಗ್ರಹಾಲಯ ಕಟ್ಟಿಕೊಂಡ ಪ್ರಸಿದ್ಧ ನಿದರ್ಶನ ದಕ್ಷಿಣ ಆಸ್ಟ್ರೇಲಿಯಾದ ಪೆನೋಲಾ. ೧೮೬೬ರಲ್ಲಿ ಮೇರಿ ಮೆಕಿಲಪ್ ಮತ್ತು ಪಾದ್ರಿ ಜೂಲಿಯನ್ ಟೆನಿಸನ್ ವುಡ್ಸ್ ಇಲ್ಲಿ ಪಾಳುಬಿದ್ದ ಕುದುರೆಲಾಯವೊಂದನ್ನು ಶಾಲೆಯಾಗಿ ಮಾರ್ಪಡಿಸಿ ಕನ್ಯಾಸ್ತ್ರೀ ಸಭೆಯೊಂದಕ್ಕೆ ನಾಂದಿ ಹಾಡಿದರು. ಈ ಸಭೆಯ ಹೆಸರಿನಲ್ಲಿಯೂ ಸಂತ ಜೋಸೆಫರ ಹೆಸರಿದೆ. ಆದರೆ ತಾರ್ಬ್‌ನ ಸಭೆಗೂ ಇದಕ್ಕೂ ಆಡಳಿತ ಸಂಬಂಧವಿಲ್ಲ. ಹೆಸರಿನ ಸಾಮ್ಯದಿಂದ ಇವೆರಡನ್ನು ಬೆರೆಸಬಾರದು. ಶುಲ್ಕ ಕೊಡಲಾಗದ ಮಕ್ಕಳನ್ನೂ ಸೇರಿಸಿಕೊಳ್ಳುವುದು ಈ ಸಭೆಯ ಮೂಲ ನಿಯಮವಾಗಿತ್ತು. ಸಿಸ್ಟರುಗಳು ಇಬ್ಬರು ಮೂವರ ಸಣ್ಣ ಗುಂಪುಗಳಾಗಿ ಗಣಿಯ ಊರುಗಳಲ್ಲಿ, ರೈಲುಮಾರ್ಗದ ಕೆಲಸಗಾರರ ಬೀಡುಗಳಲ್ಲಿ ವಾಸಿಸಿ ಕಲಿಸಿದರು. ೧೮೬೭ರಲ್ಲಿ ಕಟ್ಟಿದ ಕಲ್ಲಿನ ಶಾಲಾಕಟ್ಟಡ ಇಂದಿಗೂ ಉಳಿದಿದ್ದು, ಅದರ ಪಕ್ಕದ ಕೇಂದ್ರದಲ್ಲಿ ಸಭೆಯ ಚರಿತ್ರೆಯನ್ನು ನಿರೂಪಿಸಲಾಗಿದೆ.

ಈ ನಿದರ್ಶನದ ಮಹತ್ವವಿರುವುದು ಅದು ಒಳಗೊಳ್ಳಲೇಬೇಕಾದ ಸಂಘರ್ಷದಲ್ಲಿ. ಸಭೆಯ ಆಡಳಿತ ಸಿಸ್ಟರುಗಳ ಕೈಯಲ್ಲಿರಬೇಕೇ ಬಿಷಪ್ಪರ ಕೈಯಲ್ಲಿರಬೇಕೇ ಎಂಬ ವಿವಾದದಲ್ಲಿ ೧೮೭೧ರ ಸೆಪ್ಟೆಂಬರಿನಲ್ಲಿ ಅಡಿಲೇಡಿನ ಬಿಷಪ್ಪರು ಮೆಕಿಲಪ್‌ರನ್ನು ಧರ್ಮಬಹಿಷ್ಕಾರಕ್ಕೆ ಒಳಪಡಿಸಿದರು. ೧೮೭೨ರ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಮೆಕಿಲಪ್‌ರನ್ನು ೨೦೧೦ರ ಅಕ್ಟೋಬರ್ ೧೭ರಂದು ಸಂತಳೆಂದು ಘೋಷಿಸಲಾಯಿತು. ಬಹಿಷ್ಕಾರವನ್ನು ಬಿಟ್ಟು ಸಂತಪದವಿಯನ್ನು ಮಾತ್ರ ಹೇಳುವ ಸಂಗ್ರಹಾಲಯ ಪೂಜಾಗೃಹವಾದೀತು. ಎರಡನ್ನೂ ಒಂದೇ ಗೋಡೆಯ ಮೇಲೆ ಇರಿಸಿದಾಗ ಮಾತ್ರ ಅದು ಚರಿತ್ರೆ.

ಕರ್ನಾಟಕದೊಳಗಣ ಇತರ ಉದಾಹರಣೆಗಳೂ ಗಣಿಯ ವಿಶಿಷ್ಟತೆಯನ್ನು ಸ್ಪಷ್ಟಪಡಿಸುತ್ತವೆ. ಅಪೊಸ್ತಲಿಕ ಕಾರ್ಮೆಲ್ ಸಭೆಯ ಸಿಸ್ಟರುಗಳು ೧೮೭೦ರಲ್ಲಿ ಮಂಗಳೂರಿಗೆ ಬಂದು ಸಂತ ಆನ್ನರ ಕಾನ್ವೆಂಟಿನ ಮೂಲಕ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಆ ಪರಂಪರೆಯಲ್ಲಿ ೧೯೨೧ರಲ್ಲಿ ಸಂತ ಆಗ್ನೆಸ್ ಕಾಲೇಜು ರೂಪುಗೊಂಡಿತು. ಅದೇ ವರ್ಷ ಮಂಗಳೂರಿನಲ್ಲಿಯೇ ಆರ್. ಎಫ್. ಸಿ. ಮಸ್ಕರೇನ್ಹಸ್ ಅವರು ಸ್ಥಾಪಿಸಿದ ಬೆಥನಿ ಸಭೆ ಹಳ್ಳಿಯ ಮಕ್ಕಳನ್ನು, ಮುಖ್ಯವಾಗಿ ಹುಡುಗಿಯರನ್ನು ಉದ್ದೇಶಿಸಿ ಹುಟ್ಟಿದ್ದು. ಕರಾವಳಿಯಲ್ಲಿ ಅದು ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿತು. ಕರಾವಳಿಯಲ್ಲಿ ಸ್ಥಳೀಯ ಕ್ಯಾಥೊಲಿಕ್ ಸಮುದಾಯವೇ ಸಭೆಯನ್ನೂ ಶಿಕ್ಷಕಿಯರನ್ನೂ ಒದಗಿಸಿದರೆ, ಗಣಿಯಲ್ಲಿ ಕಂಪನಿ, ಫ್ರೆಂಚ್ ಮೂಲದ ಸಭೆ ಮತ್ತು ವಲಸೆ ಕಾರ್ಮಿಕರು ಎಂಬ ಮೂರು ಹೊರಗಿನ ಶಕ್ತಿಗಳು ಒಂದೆಡೆ ಸೇರಿದವು. ಶಾಲೆಯ ಭಾಷೆಯನ್ನು ನಿರ್ಣಯಿಸಿದ್ದು ಈ ಸಂಯೋಗ.

೬. ಎರಡು ಪುಸ್ತಕಗಳು

ಗಣಿ ಪ್ರದೇಶದ ಕಾರ್ಮಿಕ ಚರಿತ್ರೆಯಲ್ಲಿ ೧೯೩೦ರ ಮುಷ್ಕರ ಮುಖ್ಯವಾದುದು. ಕಾರ್ಮಿಕರನ್ನು ನೋಂದಾಯಿಸಿ ಬೆರಳಚ್ಚು ಪಡೆಯುವ ಕಂಪನಿಯ ಕ್ರಮವನ್ನು ವಿರೋಧಿಸಿ ಸಾವಿರಾರು ಜನ ಕೆಲಸಕ್ಕಿಳಿಯಲು ನಿರಾಕರಿಸಿದರು. ಅಪರಾಧಿಗಳಿಂದ ಪಡೆಯುವ ಗುರುತನ್ನು ದುಡಿಯುವವರಿಂದ ಪಡೆಯುವುದು ಅವಮಾನ ಎಂಬ ಭಾವನೆ ಇದರ ಹಿಂದಿತ್ತು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತು ೧೯೯೮ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಈ ಕಾಲದ ದುಡಿಮೆ, ಸಂಸ್ಕೃತಿ, ರಾಜಕಾರಣಗಳನ್ನು ವಿವರವಾಗಿ ಪರಿಶೀಲಿಸಿದೆ.

ಈ ಮುಷ್ಕರಕ್ಕೂ ಶಾಲೆಯ ಚರಿತ್ರೆಗೂ ಆಳವಾದ ಸಂಬಂಧವಿದೆ. ಒಂದು ಕಡೆ ಕಂಪನಿಯ ನೋಂದಣಿ ಪುಸ್ತಕ. ಅಲ್ಲಿ ತಂದೆ ಹೆಬ್ಬೆಟ್ಟಿನ ಗುರುತಾಗುತ್ತಾನೆ. ಇನ್ನೊಂದು ಕಡೆ ಶಾಲೆಯ ದಾಖಲಾತಿ ಪುಸ್ತಕ. ಅಲ್ಲಿ ಮಗಳು ಹೆಸರಾಗುತ್ತಾಳೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಜಾತಿ ಮತ್ತು ಮತ, ಮನೆಮಾತು, ತಂದೆಯ ಉದ್ಯೋಗ, ಹಿಂದೆ ಓದಿದ ಶಾಲೆ, ಶಾಲೆ ಬಿಟ್ಟ ದಿನ ಮತ್ತು ಕಾರಣ: ಹೀಗೆ ಸಾಗುವ ಅದರ ಅಂಕಣಗಳನ್ನು ವರ್ಷಾನುಕ್ರಮದಲ್ಲಿ ಓದಿದರೆ ಸಾಮಾಜಿಕ ಚಲನೆಯ ನಕ್ಷೆ ದೊರೆಯುತ್ತದೆ. ತಂದೆಯ ಉದ್ಯೋಗದ ಅಂಕಣದಲ್ಲಿ ಮೇಲ್ವಿಚಾರಕನ ಜಾಗದಲ್ಲಿ ಗಣಿ ಕೂಲಿಯ ಹೆಸರು ಕಾಣಿಸಿಕೊಳ್ಳುವ ವರ್ಷವೇ ಗಣಿ ಶಿಕ್ಷಣ ಚರಿತ್ರೆಯ ನಿಜವಾದ ತಿರುವು. ಶಾಲೆ ಬಿಟ್ಟ ಕಾರಣದ ಅಂಕಣವೂ ಅಷ್ಟೇ ಮುಖ್ಯ. ಸಿಲಿಕೋಸಿಸ್ ರೋಗದಿಂದಲೋ ಗಣಿಯ ಬಂಡೆ ಸಿಡಿತದಿಂದಲೋ ದುಡಿಯುವವನನ್ನು ಕಳೆದುಕೊಂಡ ಮನೆಗಳಲ್ಲಿ ಮೊದಲು ನಿಲ್ಲುವುದು ಹೆಣ್ಣುಮಗುವಿನ ಓದು.

ಲೈನುಗಳಲ್ಲಿ ಅಕ್ಷರದ ಹಂಬಲವನ್ನು ಬಿತ್ತಿದವರು ಮಿಷನರಿಗಳು ಮಾತ್ರವಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಅಯೋತಿ ದಾಸರ ತಮಿಳು ಬೌದ್ಧ ಚಳವಳಿಗೆ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ಬಲವಾದ ನೆಲೆಗಳಿದ್ದವು. ೧೯೧೪ರಲ್ಲಿ ಅವರು ತೀರಿಕೊಂಡ ಅನಂತರ, ೧೯೨೦ರ ದಶಕದಲ್ಲಿ ಅವರ ‘ತಮಿಳನ್’ ಪತ್ರಿಕೆ ಚಿನ್ನದ ಗಣಿಯಿಂದಲೇ ಮತ್ತೆ ಹೊರಟಿತು. ಪತ್ರಿಕೆ ಓದುವ, ಓದಿಸಿ ಕೇಳುವ ಕಾರ್ಮಿಕ ಸಮುದಾಯವೊಂದು ಕಾನ್ವೆಂಟಿನ ಬಾಗಿಲು ಲೈನಿನ ಮಕ್ಕಳಿಗೆ ತೆರೆಯುವ ಮೊದಲೇ ಅಲ್ಲಿತ್ತು. ಮೈಸೂರು ಸರ್ಕಾರದ ಕನ್ನಡ ಶಾಲೆಗಳೂ ಇದ್ದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೩ರಲ್ಲಿ ಬಂದ ಪ್ರಾಥಮಿಕ ಶಿಕ್ಷಣದ ಶಾಸನ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣದ ಯೋಚನೆಗೆ ರೂಪ ಕೊಟ್ಟಿತ್ತು. ಸಿಸ್ಟರುಗಳ ಕಾರ್ಯವನ್ನು ಈ ಒಟ್ಟು ಚಿತ್ರದ ಒಳಗಿಟ್ಟು ನೋಡಿದರೆ ಅದರ ಬೆಲೆ ಕುಗ್ಗುವುದಿಲ್ಲ. ಖಾಲಿ ನೆಲದಲ್ಲಿ ದೀಪ ಹಚ್ಚಿದರೆಂಬ ರೂಢಿಯ ರೂಪಕವಷ್ಟೇ ಬದಿಗೆ ಸರಿಯುತ್ತದೆ.

೭. ಹೆಸರು ಬಿಟ್ಟ ಹೆಂಗಸರು

ಬಡ ಮಕ್ಕಳು ದಾಖಲೆಗಳಲ್ಲಿ ಅಸ್ಪಷ್ಟವಾಗಿರುವಂತೆಯೇ ಕಲಿಸಿದ ಸಿಸ್ಟರುಗಳೂ ಅಸ್ಪಷ್ಟವಾಗಿಯೇ ಉಳಿದಿದ್ದಾರೆ. ಸನ್ಯಾಸ ಸ್ವೀಕಾರದ ವೇಳೆ ಹುಟ್ಟುಹೆಸರನ್ನು ಬಿಟ್ಟು ಸಂತರ ಹೆಸರನ್ನು ಧರಿಸುವುದು ಹಿಂದಿನ ಕ್ರಮವಾಗಿತ್ತು. ಬಡತನದ ವ್ರತದಿಂದಾಗಿ ದುಡಿಮೆಯ ಪ್ರತಿಫಲ ಸಭೆಯದಾಯಿತು. ವಿಧೇಯತೆಯ ವ್ರತದಿಂದಾಗಿ ವರ್ಗಾವಣೆ ಮೇಲಿನವರ ನಿರ್ಣಯವಾಯಿತು. ಯುರೋಪಿನ ಅನೇಕ ಸಭೆಗಳಲ್ಲಿ ಕಲಿಸುವ ಸಿಸ್ಟರುಗಳಿಗೂ ಅಡುಗೆ, ಬಟ್ಟೆ, ತೋಟಗಳನ್ನು ನೋಡಿಕೊಳ್ಳುವ ಸಿಸ್ಟರುಗಳಿಗೂ ನಡುವೆ ದರ್ಜೆಯ ಭೇದವಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ಅನಂತರ ಸಭೆಗಳು ತಮ್ಮ ಮೂಲ ಧ್ಯೇಯದ ಕಡೆಗೆ ಮರಳಿ ನೋಡಬೇಕೆಂಬ ಸೂಚನೆ ಬಂದಾಗ ಇಂಥ ಭೇದಗಳು ಸಡಿಲವಾದವು, ಉಡುಪು ಬದಲಾಯಿತು, ಬಡವರ ನಡುವಣ ಕೆಲಸಕ್ಕೆ ಒತ್ತು ಬಂತು. ಈ ಹೊತ್ತಿಗೆ ಸಭೆಗಳಲ್ಲಿ ಭಾರತೀಯ ಸಿಸ್ಟರುಗಳ ಸಂಖ್ಯೆಯೂ ಹೆಚ್ಚಿತ್ತು. ಗಣಿ ಸರ್ಕಾರದ ವಶಕ್ಕೆ ಬಂದ ಕಾಲ ಮತ್ತು ಚರ್ಚಿನೊಳಗಿನ ಈ ಬದಲಾವಣೆಯ ಕಾಲ ಒಂದಕ್ಕೊಂದು ಸಮೀಪದಲ್ಲಿವೆ ಎಂಬುದು ಗಮನಾರ್ಹ.

ಸಂಗ್ರಹಾಲಯವೊಂದು ಸ್ಥಾಪಕರ ಭಾವಚಿತ್ರ ಮತ್ತು ಪದಕಗಳನ್ನಷ್ಟೇ ಪ್ರದರ್ಶಿಸಿದರೆ ಈ ಎರಡು ಅನಾಮಿಕತೆಗಳೂ ಮುಂದುವರಿಯುತ್ತವೆ. ಹೊಲಿಗೆಯ ಮಾದರಿ, ತೇಪೆ ಹಾಕಿದ ಉಡುಪು, ಅಡುಗೆಮನೆಯ ಲೆಕ್ಕ, ಕಾನ್ವೆಂಟಿನ ದಿನವಹಿ, ಶುಲ್ಕ ಮನ್ನಾ ಮಾಡಿದ ಟಿಪ್ಪಣಿ: ಇವು ಭಾವಚಿತ್ರಕ್ಕಿಂತ ಹೆಚ್ಚು ಮಾತಾಡುವ ವಸ್ತುಗಳು. ನಿವೃತ್ತ ಸಿಸ್ಟರುಗಳ, ಹಳೆಯ ವಿದ್ಯಾರ್ಥಿನಿಯರ, ಶಾಲೆಯ ಆಯಾಗಳ ಮೌಖಿಕ ಚರಿತ್ರೆಯನ್ನು ಅವರವರ ಭಾಷೆಯಲ್ಲಿಯೇ ಸಂಗ್ರಹಿಸಬೇಕು. ಕೃತಜ್ಞತೆಯ ಜೊತೆಗೆ ಮನೆಮಾತಾಡಿದ್ದಕ್ಕೆ ಆದ ಶಿಕ್ಷೆ, ಶುಲ್ಕ ಕಟ್ಟಲಾಗದ ಸಂಕೋಚ, ಜಾತಿಯ ನೋವುಗಳ ನೆನಪುಗಳಿದ್ದರೆ ಅವಕ್ಕೂ ಅಲ್ಲಿ ಜಾಗವಿರಬೇಕು.

೮. ಕನ್ನಡ ಸಂಶೋಧನೆಯ ಹೊಣೆ

ಕೋಲಾರ ಜಿಲ್ಲೆ ಆಧುನಿಕ ಕನ್ನಡಕ್ಕೆ ಮುಳಬಾಗಿಲಿನ ಡಿ. ವಿ. ಗುಂಡಪ್ಪನವರನ್ನೂ ಮಾಲೂರು ಸೀಮೆಯ ಮಾಸ್ತಿಯವರನ್ನೂ ಕೊಟ್ಟಿತು. ಅದೇ ಜಿಲ್ಲೆಯ ಗಣಿ ಪ್ರದೇಶ ಮಾತ್ರ ಕನ್ನಡ ಅಧ್ಯಯನದ ಅಂಚಿನಲ್ಲಿ ಉಳಿಯಿತು. ಅಲ್ಲಿಯ ಜನರ ಮಾತು ತಮಿಳು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಕರ್ನಾಟಕದ ಚರಿತ್ರೆ ಎಂಬುದು ಕನ್ನಡದಲ್ಲಿ ದೊರೆಯುವ ಆಕರಗಳ ಚರಿತ್ರೆ ಮಾತ್ರವಲ್ಲ ಎಂಬ ತಿಳಿವಳಿಕೆ ಬಲವಾದ ಮೇಲೆ ಈ ಕಾರಣ ನಿಲ್ಲುವುದಿಲ್ಲ. ಗಣಿ ಶಾಲೆಗಳ ಆಕರಗಳು ಹಲವು ಭಾಷೆಗಳಲ್ಲಿ ಹಂಚಿಹೋಗಿವೆ. ಮೈಸೂರು ಮಿಷನನ್ನು ನಡೆಸಿದ್ದು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘವಾದ್ದರಿಂದ ಪಾದ್ರಿಗಳ ವರದಿಗಳು ಫ್ರೆಂಚಿನಲ್ಲಿವೆ. ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು ೧೯೪೦ರಲ್ಲಿ. ಕಂಪನಿಯ ಮತ್ತು ರೆಸಿಡೆನ್ಸಿಯ ಕಡತಗಳು ಇಂಗ್ಲಿಷಿನಲ್ಲಿ, ಕಾರ್ಮಿಕರ ಪತ್ರಿಕೆ ಮತ್ತು ನೆನಪುಗಳು ತಮಿಳಿನಲ್ಲಿ ಇವೆ. ಇವೆಲ್ಲವನ್ನು ಕೂಡಿಸಿ ಓದುವ ಕೆಲಸಕ್ಕೆ ಒಬ್ಬ ಸಂಶೋಧಕ ಸಾಲದು. ಕನ್ನಡ, ತಮಿಳು, ಚರಿತ್ರೆ ವಿಭಾಗಗಳ ಸಹಯೋಗ ಬೇಕು.

ಈ ಕೆಲಸ ತುರ್ತಿನದು. ಸುಮಾರು ೮೦೦ ಟನ್ ಚಿನ್ನವನ್ನು ಕೊಟ್ಟ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಸಾವಿರಾರು ಕುಟುಂಬಗಳ ದುಡಿಮೆ ಒಮ್ಮೆಗೇ ನಿಂತಿತು. ಅನಂತರ ಗಣಿ ಪ್ರದೇಶದ ಯುವಜನರು ಮಾರಿಕುಪ್ಪಂ ಮತ್ತು ಬಂಗಾರಪೇಟೆಗಳಿಂದ ರೈಲು ಹತ್ತಿ ನಿತ್ಯವೂ ಬೆಂಗಳೂರಿಗೆ ದುಡಿಯಲು ಹೋಗಿಬರುವುದು ವಾಡಿಕೆಯಾಯಿತು. ಚಿನ್ನಕ್ಕಾಗಿ ೧೮೯೪ರಲ್ಲಿ ಹಾಕಿದ ಹಳಿ ಈಗ ಅಕ್ಷರ ಕಲಿತವರನ್ನು ಹೊತ್ತೊಯ್ಯುತ್ತಿದೆ. ಈ ಪ್ರಯಾಣದ ಹಿಂದೆ ಕಾನ್ವೆಂಟಿನ ಇಂಗ್ಲಿಷ್ ಕೆಲಸ ಮಾಡಿದೆ. ಆದರೆ ಕುಟುಂಬಗಳು ಊರು ಬಿಟ್ಟಂತೆಲ್ಲ ಹಳೆಯ ಅಂಕಪಟ್ಟಿ, ಗುಂಪು ಚಿತ್ರ, ಪತ್ರಗಳೂ ಚದುರುತ್ತವೆ. ಹಳೆಯ ದಾಖಲಾತಿ ಪುಸ್ತಕಗಳ ಕಾಗದ ಪುಡಿಯಾಗುವ ಮೊದಲೇ ಅವುಗಳ ಪ್ರತಿ ತೆಗೆಯಬೇಕು. ಖಾಸಗಿ ವಿವರಗಳನ್ನು ಮರೆಮಾಡಿ, ಅಂಕಣಗಳ ಒಟ್ಟು ಚಿತ್ರವನ್ನು ಸಂಶೋಧಕರಿಗೆ ತೆರೆದಿಡಬೇಕು. ಪ್ರದರ್ಶನದ ಬರಹ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಇರಬೇಕು. ಇಲ್ಲವಾದರೆ ಯಾರ ಕಥೆಯನ್ನು ಹೇಳಲಾಗುತ್ತಿದೆಯೋ ಅವರೇ ಅದನ್ನು ಓದಲಾರದ ಸ್ಥಿತಿ ಮರುಕಳಿಸುತ್ತದೆ.

೯. ಸಮಾರೋಪ

ಒಟ್ಟಾರೆ, ಗಣಿ ಪ್ರದೇಶದ ಕನ್ಯಾಸ್ತ್ರೀ ಶಾಲೆಗಳ ಚರಿತ್ರೆ ದಾನಿ ಮತ್ತು ದಾನ ಪಡೆದವರ ಸರಳ ಕಥನವಲ್ಲ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗಿಯರಿಗಾಗಿ ೧೯೦೪ರಲ್ಲಿ ತೆರೆದ ಬಾಗಿಲೊಂದು ಕಾಲಕ್ರಮದಲ್ಲಿ ಪೇಟೆಯ, ಅನಂತರ ಲೈನಿನ ಮಕ್ಕಳಿಗೂ ತೆರೆದುಕೊಂಡ ಕಥನ ಅದು. ಮೊದಲೇ ಬಡವರಿಗೆಂದು ಹುಟ್ಟಿದ ಪೆನೋಲಾದ ಶಾಲೆಯ ಚರಿತ್ರೆಯನ್ನು ಇಲ್ಲಿಗೆ ಎರವಲು ತರಬೇಕಾದ ಅಗತ್ಯವಿಲ್ಲ. ಸಂಘರ್ಷವನ್ನು ಮರೆಮಾಡದಿರುವ ಪಾಠವನ್ನಷ್ಟೇ ಅಲ್ಲಿಂದ ಪಡೆಯಬಹುದು. ‘ಬಡ ಮಕ್ಕಳಿಗೆ ಕಲಿಸಿದರು’ ಎಂಬ ವಾಕ್ಯಕ್ಕೆ ವರ್ಷ, ಮನೆಮಾತು, ತಂದೆಯ ಕಸುಬು ಎಂಬ ಮೂರು ಅಂಕಣಗಳನ್ನು ಸೇರಿಸಿದಾಗ ಸಿಸ್ಟರುಗಳ ಶ್ರಮಕ್ಕೂ ಕಾರ್ಮಿಕರ ಹಟಕ್ಕೂ ಸಮಾನ ನ್ಯಾಯ ದೊರೆಯುತ್ತದೆ. ಆ ಅಂಕಣಗಳು ಶಾಲೆಯ ದಾಖಲಾತಿ ಪುಸ್ತಕಗಳಲ್ಲಿ ಈಗಾಗಲೇ ಇವೆ. ಅವುಗಳನ್ನು ಓದುವ ಕೆಲಸ ಆಗಬೇಕಾಗಿದೆ.